ಲಿಂಬೆಯೂ ಸಿಹಿ! ಆದರೆ ಮೋಸ ಹೋಗುವುದು ನಾಲಗೆ ಮಾತ್ರ

ನರ್ಸರಿಗಳಲ್ಲಿ ಈಗ ‘ಮಿರಾಕಲ್ ಫ್ರೂಟ್’ ಅಂತ ಒಂದು ಗಿಡ ಸಿಗುತ್ತದೆ. ಕಾಫಿ ಹಣ್ಣನ್ನು ತುಸು ಉದ್ದ ಮಾಡಿದಂಥ ಕೆಂಪು ಹಣ್ಣು, ಒಳಗೆ ಒಂದೇ ಬೀಜ, ಸುತ್ತ ತೆಳ್ಳಗೆ ತಿರುಳು. ಹೇಳಿಕೊಳ್ಳುವಂಥ ರುಚಿ ಏನೂ ಇಲ್ಲ. ಆದರೆ ತಿರುಳನ್ನು ಒಂದೆರಡು ನಿಮಿಷ ನಾಲಗೆಯ ಮೇಲೆಲ್ಲ ಹೊರಳಾಡಿಸಿ, ಬೀಜ ಉಗಿದು, ಲಿಂಬೆ ಚೀಪಿ ನೋಡಿ. ಸಕ್ಕರೆ ಬೆರೆಸಿದ ಹಾಗೆ ಸಿಹಿ! ಬಿಂಬುಳಿ, ಪುನರ್ಪುಳಿಯಂಥ ಹುಳಿಗಳಿಗೂ ಇದೇ ಗತಿ. ಈ ಮಾಯೆ ಸುಮಾರು ಅರ್ಧದಿಂದ ಒಂದು ಗಂಟೆ ಇರುತ್ತದೆ.

ಇದರ ತವರು ಪಶ್ಚಿಮ ಆಫ್ರಿಕಾ. ಘಾನಾ, ಬೆನಿನ್ ಕಡೆಯ ಜನ ಹುಳಿ ಬಂದ ಜೋಳದ ತಿನಿಸು ತಿನ್ನುವ ಮೊದಲು ಇದನ್ನು ಬಾಯಿಗೆ ಹಾಕಿಕೊಳ್ಳುವ ರೂಢಿ ಹಳೆಯದು. ಹಣ್ಣಿನಲ್ಲಿರುವ ಪ್ರೋಟೀನನ್ನು 1968ರಲ್ಲಿ ವಿಜ್ಞಾನಿಗಳು ಬೇರ್ಪಡಿಸಿದರು. ಅದಕ್ಕೆ ‘ಮಿರಾಕ್ಯುಲಿನ್’ ಎಂದು ಹೆಸರು. ಅದು ನಾಲಗೆಯಲ್ಲಿ ಸಿಹಿ ಗುರುತಿಸುವ ಜಾಗಕ್ಕೆ ಅಂಟಿಕೊಂಡು ಸುಮ್ಮನಿರುತ್ತದೆ. ಹುಳಿ ತಾಗಿದ ಕೂಡಲೇ ‘ಸಿಹಿ ಬಂತು’ ಎಂಬ ಸಂದೇಶ ಮಿದುಳಿಗೆ ಹೋಗುತ್ತದೆ. ಹಾಗಾಗಿ ಹುಳಿಯಿದ್ದರೆ ಮಾತ್ರ ಆಟ. ಸಕ್ಕರೆ ಹಾಕದ ಚಾ ಸಿಹಿಯಾದೀತು ಅಂತ ಕಾಯಬೇಡಿ.

ಶುಗರ್ ಇಳಿಯುತ್ತದೆಯೇ?

ಸಕ್ಕರೆ ಕಾಯಿಲೆಯವರಿರುವ ಮನೆಯಲ್ಲಿ ಮೊದಲು ಬರುವ ಪ್ರಶ್ನೆ ಇದೇ. ಇದು ಶುಗರಿನ ಮದ್ದಲ್ಲ. ಇದನ್ನು ನಂಬಿ ಮಾತ್ರೆ, ಇನ್ಸುಲಿನ್ ಬಿಡಲೇಬಾರದು. ಇಫ್ತಾರಿಗೆ ಸಕ್ಕರೆ ಹಾಕದ ಲಿಂಬೆ ಶರಬತ್ತನ್ನು ಸಿಹಿಯಾಗಿ ಕುಡಿಯಬಹುದು, ಅಷ್ಟರ ಮಟ್ಟಿಗೆ ಸಕ್ಕರೆ ಉಳಿಯಿತು. ಜೊತೆಗೆ ತಿಂದ ಸಮೋಸ, ಪತ್ತಿರಿಯ ಲೆಕ್ಕ ಹಾಗೆಯೇ ಇರುತ್ತದೆ.

ಇನ್ನೊಂದು ಎಚ್ಚರ ಬೇಕು. ಉಪವಾಸದಲ್ಲಿ ಶುಗರ್ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬಂದರೆ ತಕ್ಷಣ ಉಪವಾಸ ಬಿಟ್ಟು ನಿಜವಾದ ಸಕ್ಕರೆಯೇ ಹೊಟ್ಟೆಗೆ ಹೋಗಬೇಕು. ಈ ಹಣ್ಣು ತಿಂದು ಕುಡಿದ ಬರೀ ಲಿಂಬೆ ನೀರು ನಾಲಗೆಗೆ ಸಿಹಿ, ರಕ್ತಕ್ಕೆ ಏನೂ ಅಲ್ಲ. ಹಾಗೆಯೇ ಸಿಹಿಯಾಯಿತೆಂದು ನಾಲ್ಕಾರು ಲಿಂಬೆ ಚೀಪಿದರೆ ಆಮ್ಲ ಆಮ್ಲವೇ. ಹಲ್ಲು ಜುಮ್ಮೆನ್ನುತ್ತದೆ, ಗ್ಯಾಸ್ಟ್ರಿಕ್ ಇದ್ದವರಿಗೆ ಹೊಟ್ಟೆ ಉರಿಯುತ್ತದೆ.

ಬಾಯಿರುಚಿ ಸತ್ತವರಿಗೆ

ಕ್ಯಾನ್ಸರಿಗೆ ಕಿಮೋಥೆರಪಿ ಪಡೆಯುವ ಹಲವರಿಗೆ ಅನ್ನ, ಮೀನು, ನೀರು ಕೂಡ ಕಬ್ಬಿಣ ನೆಕ್ಕಿದ ಹಾಗಾಗುತ್ತದೆ. ಉಮ್ಮ ಎಷ್ಟು ಒತ್ತಾಯಿಸಿದರೂ ತುತ್ತು ಒಳಗಿಳಿಯುವುದಿಲ್ಲ. ಊಟಕ್ಕೆ ಮೊದಲು ಈ ಹಣ್ಣು ತಿಂದಾಗ ಕೆಲವರಿಗೆ ರುಚಿ ಸುಧಾರಿಸಿದ್ದು ವಿದೇಶಗಳ ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಅವು ಬೆರಳೆಣಿಕೆಯ ರೋಗಿಗಳ ಮೇಲೆ ನಡೆದ ಸಣ್ಣ ಅಧ್ಯಯನಗಳು. ಎಲ್ಲರಿಗೂ ಫಲ ಕೊಡುತ್ತದೆ ಅನ್ನುವಂತಿಲ್ಲ. ಕಾಯಿಲೆಗೆ ಇದು ಚಿಕಿತ್ಸೆಯೂ ಅಲ್ಲ. ಬಾಯಲ್ಲಿ ಹುಣ್ಣಿದ್ದರೆ ಹುಳಿ ಕೊಡುವುದೇ ತಪ್ಪು. ಚಿಕಿತ್ಸೆ ಕೊಡುವ ಡಾಕ್ಟರರನ್ನು ಕೇಳಿಯೇ ಮುಂದುವರಿಯಿರಿ.

ಅಂಗಳದಲ್ಲಿ ಬೆಳೆಸುವುದಾದರೆ

ಈ ಗಿಡಕ್ಕೆ ಹುಳಿ ಮಣ್ಣು, ತೇವದ ಹವೆ, ಅರೆನೆರಳು ಇಷ್ಟ. ನಮ್ಮ ಕರಾವಳಿಯ ಕೆಂಪು ಮಣ್ಣು ಇದಕ್ಕೆ ಒಗ್ಗುತ್ತದೆ, ಚಟ್ಟಿಯಲ್ಲೂ ಬೆಳೆಯುತ್ತದೆ. ಬುಡದಲ್ಲಿ ನೀರು ನಿಲ್ಲಬಾರದು, ಸುಣ್ಣ ಹಾಕಬಾರದು. ಬೆಳವಣಿಗೆ ನಿಧಾನ, ಬೀಜದ ಗಿಡ ಹಣ್ಣು ಬಿಡಲು ಮೂರ್ನಾಲ್ಕು ವರ್ಷ ಹಿಡಿಯಬಹುದು. ಬೀಜ ಒಣಗಿದರೆ ಮೊಳೆಯುವುದಿಲ್ಲ, ತಿಂದ ಕೂಡಲೇ ನೆಡಿ. ಕೊಯ್ದ ಹಣ್ಣು ಎರಡು ಮೂರು ದಿನಕ್ಕೇ ಕೆಡುತ್ತದೆ, ಹೆಚ್ಚಿದ್ದರೆ ಫ್ರೀಝರಿನಲ್ಲಿಡಿ. ಬೇಯಿಸಿ ಜಾಮ್ ಮಾಡಲು ಹೋಗಬೇಡಿ, ಬಿಸಿ ತಾಗಿದರೆ ಅದರ ಗುಣವೇ ಹೋಗುತ್ತದೆ.