ಉಂಡದ್ದು ಮೈಗೆ ಹತ್ತದಿದ್ದರೆ, ಲೆಕ್ಕ ಎಲ್ಲಿ?

ಯಾದಗಿರಿ, ಶಹಾಪುರ, ಸುರಪುರಗಳ ಹೆಸರು ರಾಜಧಾನಿಯಲ್ಲಿ ಕೇಳಿಬರುವುದು ಹೆಚ್ಚಾಗಿ ಅಪೌಷ್ಟಿಕತೆಯ ಅಂಕಿಅಂಶ ಪ್ರಕಟವಾದಾಗ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ರಾಜ್ಯದಲ್ಲಿ ಐದು ವರ್ಷದೊಳಗಿನ ಶೇ 35ರಷ್ಟು ಮಕ್ಕಳ ಬೆಳವಣಿಗೆ ಕುಂಠಿತ. ಯಾದಗಿರಿ ಜಿಲ್ಲೆಯಲ್ಲಿ ಅರ್ಧಕ್ಕಿಂತಲೂ ಹೆಚ್ಚು. ನಾರಾಯಣಪುರದ ಕಾಲುವೆಗಳು ಶಹಾಪುರ, ಸುರಪುರಗಳಿಗೆ ಬತ್ತ ತಂದವು. 2021ರ ಡಿಸೆಂಬರ್‌ನಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆಯೂ ಬಂತು. ಆದರೆ ಉಂಡದ್ದು ಮೈಗೆ ಹತ್ತುತ್ತಿದೆಯೇ ಎಂಬ ಪ್ರಶ್ನೆಗೆ ನಮ್ಮ ಕಡತಗಳಲ್ಲಿ ಅಂಕಣವಿಲ್ಲ.

ಕರುಳು ಪೋಷಕಾಂಶ ಹೀರಿಕೊಳ್ಳದ ದೀರ್ಘಕಾಲಿಕ ರೋಗಗಳಿಗೆ ಅಂತರರಾಷ್ಟ್ರೀಯ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ‘ಕೆ90’ ಎಂಬ ಸಂಕೇತವಿದೆ. ಅದರೊಳಗೆ ಸೀಲಿಯಾಕ್, ಉಷ್ಣವಲಯದ ಸ್ಪ್ರೂ, ಮೇದೋಜೀರಕ ಗ್ರಂಥಿಯ ದೋಷ ಎಲ್ಲವೂ ಸೇರಿವೆ. ಕೊನೆಗೆ ‘ನಿರ್ದಿಷ್ಟವಲ್ಲದ್ದು’ ಎಂಬ ಕೋಣೆಯೂ ಇದೆ. ಶಸ್ತ್ರಚಿಕಿತ್ಸೆಯಿಂದಾದ ತೊಂದರೆಗೆ ಬೇರೆಯದೇ ಸಂಕೇತ; ಕರುಳಿನ ಕ್ಷಯಕ್ಕೆ ಇನ್ನೊಂದು.

ಇದು ಗುಮಾಸ್ತಿಕೆಯ ಗೊಡವೆಯಲ್ಲ. ಸೀಲಿಯಾಕ್ ಇರುವವರು ಗೋಧಿ ಬಿಡಬೇಕು. ನಮ್ಮ ಜೋಳದ ರೊಟ್ಟಿಯೇ ಅವರಿಗೆ ಪಥ್ಯ. ಸ್ಪ್ರೂಗೆ ಫೋಲಿಕ್ ಆಮ್ಲ, ಟೆಟ್ರಾಸೈಕ್ಲಿನ್ ಸಾಕಾಗಬಹುದು. ಕ್ಷಯಕ್ಕೆ ತಿಂಗಳುಗಟ್ಟಲೆ ಔಷಧ ಬೇಕು. ಎಲ್ಲವನ್ನೂ ‘ಭೇದಿ, ನಿಶ್ಶಕ್ತಿ’ ಎಂದು ಬರೆದು ಕಳುಹಿಸಿದರೆ ರೋಗಿ ಮತ್ತೆ ಅದೇ ಬಾಗಿಲಿಗೆ ಬರುತ್ತಾನೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನ್ನನ್ನು ಕಾಡುವುದು ಇನ್ನೊಂದು ವೈಪರೀತ್ಯ. ಪರೀಕ್ಷೆಯನ್ನೇ ಮಾಡದ ಆಸ್ಪತ್ರೆಯ ವರದಿಯಲ್ಲಿ ರೋಗ ಸೊನ್ನೆ. ಶ್ರದ್ಧೆಯಿಂದ ಹುಡುಕಿದ ಆಸ್ಪತ್ರೆಯಲ್ಲಿ ಸಂಖ್ಯೆ ಏರುತ್ತದೆ. ಆ ಸಂಖ್ಯೆಯನ್ನೇ ಗುಣಮಟ್ಟದ ಅಳತೆಗೋಲಾಗಿಸಿದರೆ ನಿರ್ಲಕ್ಷ್ಯಕ್ಕೆ ಬಹುಮಾನ, ಶ್ರದ್ಧೆಗೆ ದಂಡ.

ಅತಿಯಾಗಿ ಎಣಿಸುವುದೂ ತಪ್ಪು. ಮಲಿನ ನೀರು, ಬಯಲು ಶೌಚದ ಪರಿಸರದಲ್ಲಿ ಬೆಳೆದ ಮಕ್ಕಳ ಕರುಳು ಭೇದಿಯಿಲ್ಲದೆಯೂ ಸೊರಗುತ್ತದೆ. ಅದನ್ನು ಗುರುತಿಸುವ ಸರಳ ಪರೀಕ್ಷೆ ಇಲ್ಲ. ಅದನ್ನು ‘ಕೆ90’ಕ್ಕೆ ತುಂಬಿದರೆ ನೈರ್ಮಲ್ಯದ ಹೊಣೆ ವೈದ್ಯರ ತಲೆಗೆ ಬೀಳುತ್ತದೆ.

ಹಾಗಾದರೆ ವ್ಯಾಖ್ಯೆ ಹೇಗಿರಬೇಕು? ತೀವ್ರ ಅಪೌಷ್ಟಿಕತೆಗೆ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಎಂಬ ಅಳತೆ ಇರುವುದರಿಂದಲೇ ಅಂಗನವಾಡಿ ಕಾರ್ಯಕರ್ತೆಯೂ ಅದನ್ನು ಗುರುತಿಸಬಲ್ಲಳು. ಇಲ್ಲಿಯೂ ಮೂರು ಮೆಟ್ಟಿಲು ಸಾಕು: ನಾಲ್ಕು ವಾರ ಮೀರಿದ ಭೇದಿಯೊಡನೆ ತೂಕ ಇಳಿದಿದ್ದರೆ ಶಂಕಿತ, ರಕ್ತ, ಮಲ ಪರೀಕ್ಷೆ ಪುಷ್ಟಿ ನೀಡಿದರೆ ಸಂಭಾವ್ಯ, ಕಾರಣ ಗೊತ್ತಾದರೆ ಖಚಿತ. ಮೂರನ್ನೂ ಬೇರೆ ಬೇರೆ ಎಣಿಸಲಿ. ಶಂಕಿತರಲ್ಲಿ ಎಷ್ಟು ಮಂದಿಗೆ ಕಾರಣ ಪತ್ತೆಯಾಯಿತು ಎಂಬುದೇ ಗುಣಮಟ್ಟದ ಅಳತೆಯಾಗಲಿ.

ಯಾದಗಿರಿಗೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಶಹಾಪುರ, ಸುರಪುರದ ತಾಲ್ಲೂಕು ಆಸ್ಪತ್ರೆಗಳನ್ನು ಜೊತೆಗೂಡಿಸಿಕೊಂಡು ಈ ಲೆಕ್ಕವನ್ನು ಅದು ಆರಂಭಿಸಲಿ. ತಟ್ಟೆಗೆ ಬಡಿಸಿದ್ದನ್ನು ಎಣಿಸುವ ಸರ್ಕಾರ, ಮೈಗೆ ಹತ್ತಿದ್ದನ್ನೂ ಎಣಿಸಬೇಕು.