ಒಂದೇ ಕೈಯಲ್ಲಿ ಸ್ವರವೂ ತಿದಿಯೂ

ಮೌಸ್ ಅಂದರೆ ನಮಗೆಲ್ಲ ಕರೆಂಟ್ ಬಿಲ್ ಕಟ್ಟೋದಕ್ಕೆ, ಮಕ್ಕಳ ಪ್ರಾಜೆಕ್ಟ್‌ಗೆ ಚಿತ್ರ ಹುಡುಕೋದಕ್ಕೆ ಬೇಕಾದ ಸಾಧನ. ಅದನ್ನೇ ವಾದ್ಯದಂತೆ ನುಡಿಸಬಹುದು ಅಂದರೆ ನಂಬ್ತೀರಾ? ನಮ್ಮ ಮನೆಯಲ್ಲಿ 72 ವರ್ಷದ ಅಪ್ಪ ನುಡಿಸುತ್ತಾರೆ.

ಅಪ್ಪ ಭಜನಾ ಮಂಡಳಿಯಲ್ಲಿ 30 ವರ್ಷ ಹಾರ್ಮೋನಿಯಂ ನುಡಿಸಿದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿತು. ಹಾರ್ಮೋನಿಯಂಗೆ ಬಲಗೈ ಸ್ವರ ಹಿಡಿದರೆ ಎಡಗೈ ತಿದಿ ಒತ್ತಬೇಕು. ಗಾಳಿಯಿಲ್ಲದೆ ಸ್ವರ ಹೊರಡದು. ಪೆಟ್ಟಿಗೆ ಅಟ್ಟ ಸೇರಿತು, ಅಪ್ಪ ಭಜನೆಗೆ ಹೋಗೋದನ್ನೇ ಬಿಟ್ಟರು. ಎಲೆಕ್ಟ್ರಾನಿಕ್ ಕೀಬೋರ್ಡ್ ತಂದುಕೊಟ್ಟೆವು. “ಇದಕ್ಕೆ ಉಸಿರೇ ಇಲ್ಲ ಕಣಮ್ಮ” ಅಂತ ಪಕ್ಕಕ್ಕಿಟ್ಟರು. ತಿದಿಯ ಒತ್ತಡದಿಂದ ತಾನೇ ಸ್ವರಕ್ಕೆ ಏರಿಳಿತ ಬರೋದು!

ದಾರಿ ಹುಡುಕಿದವನು ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗ. ಅಮೆರಿಕದ ಸಂಗೀತ ಸಂಯೋಜಕಿ ಲಾರಿ ಸ್ಪೀಗಲ್ 1986ರಲ್ಲೇ ಮ್ಯಾಕಿಂಟಾಷ್ ಕಂಪ್ಯೂಟರಿಗೆ ‘ಮ್ಯೂಸಿಕ್ ಮೌಸ್’ ಎಂಬ ಪ್ರೋಗ್ರಾಂ ಬರೆದಿದ್ದರಂತೆ. ಮೌಸ್ ಸರಿಸಿದ ಹಾಗೆ ಸ್ವರ ಬದಲಾಗುತ್ತಿತ್ತು. ಆರಿಸಿಕೊಂಡ ಸ್ವರಶ್ರೇಣಿಯಿಂದ ಆಚೆ ಹೋಗದಂತೆ ಕಂಪ್ಯೂಟರೇ ನೋಡಿಕೊಳ್ಳುತ್ತಿತ್ತು.

ಇಂಥದ್ದಕ್ಕೆಲ್ಲ ಬೇಕಾಗೋದು 1983ರಿಂದ ಬಳಕೆಯಲ್ಲಿರುವ ‘ಮಿಡಿ’ ಎಂಬ ಸಂಕೇತ ಭಾಷೆ. ಇದರಲ್ಲಿ ಧ್ವನಿ ಹರಿಯೋದಿಲ್ಲ, ಬರೀ ಅಪ್ಪಣೆ ಹೋಗುತ್ತೆ: ಈ ಸ್ವರ ಹಿಡಿ, ಇಷ್ಟು ಜೋರಾಗಿ, ಈಗ ನಿಲ್ಲಿಸು. ‘ಪ್ಯೂರ್ ಡೇಟಾ’ ಎಂಬ ಉಚಿತ ಸಾಫ್ಟ್‌ವೇರ್ ಬಳಸಿ ಮಗ ಮೌಸಿನ ಚಲನೆಯನ್ನು ಈ ಅಪ್ಪಣೆಗಳಾಗಿ ಬದಲಿಸಿದ. ಯುಎಸ್‌ಬಿ ಕೇಬಲ್ ಮೂಲಕ ಅವು ಅದೇ ಕೀಬೋರ್ಡಿಗೆ ಹೋಗುತ್ತವೆ. ಮೌಸ್ ಎಡಕ್ಕೆ ಬಲಕ್ಕೆ ಸರಿಸಿದರೆ ಸ್ವರ ಬದಲಾಗುತ್ತೆ. ಮುಂದೆ ಹಿಂದೆ ಸರಿಸಿದರೆ ಅದೇ ತಿದಿ. ಧ್ವನಿ 0ಯಿಂದ 127ರವರೆಗೆ ಏರುತ್ತೆ, ಇಳಿಯುತ್ತೆ. ಎಡ ಬಟನ್ ಒತ್ತಿರುವಷ್ಟು ಹೊತ್ತು ಮಾತ್ರ ನಾದ.

ಬಲ ಬಟನ್ ಒತ್ತಿ ಜಾರಿಸಿದರೆ ಗಮಕ! ಸ್ವರ ಜಾರಿಸೋದಕ್ಕೆ ಮಿಡಿಯಲ್ಲಿ 16,384 ಹಂತಗಳಿವೆ, ಹಾಗಾಗಿ ಮೆಟ್ಟಿಲು ಹತ್ತಿದಂತೆ ಕೇಳಿಸೋದಿಲ್ಲ. ಹಾರ್ಮೋನಿಯಂನಲ್ಲಿ ಹೀಗೆ ಜಾರಿಸಲಾಗದು. ಅದೇ ಕೊರತೆಯನ್ನು ಮುಂದಿಟ್ಟು ಆಕಾಶವಾಣಿ 1940ರಿಂದ 1971ರವರೆಗೆ ಆ ವಾದ್ಯವನ್ನು ಹೊರಗಿಟ್ಟಿತ್ತು.

ಎಲ್ಲ ಸಲೀಸಾಗಿ ಆಗಲಿಲ್ಲ. “ಪ ಇದ್ದ ಜಾಗದಲ್ಲಿ ಈಗ ಧ ಬರ್ತಿದೆಯಲ್ಲೋ” ಅಂತ ಅಪ್ಪ ಮೊಮ್ಮಗನನ್ನು ಗದರಿದರು. ಕೈ ಬೇಗ ಸರಿದರೆ ಬಾಣದ ಗುರುತನ್ನು ಹೆಚ್ಚು ದೂರ ಓಡಿಸುವ ಸೌಲಭ್ಯ ವಿಂಡೋಸ್‌ನಲ್ಲಿದೆ. ಮೌಸ್ ಸೆಟ್ಟಿಂಗ್‌ನಲ್ಲಿ ‘ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್’ ಎದುರಿನ ಗುರುತು ತೆಗೆದ ಮೇಲೆ ಅಳತೆ ಸರಿಹೋಯಿತು. ಮೌಸಿಗೆ ತಾನು ಸರಿದಷ್ಟೇ ಗೊತ್ತು, ಮೇಜಿನ ಮೇಲೆ ಎಲ್ಲಿದ್ದೇನೆಂದು ಗೊತ್ತಿಲ್ಲ. ಅದಕ್ಕೇ ಪರದೆಯ ಮೇಲೆ ಸ ರಿ ಗ ಮ ಎಂದು ದಪ್ಪಕ್ಷರದ ಪಟ್ಟಿ ಬರೆದಿದ್ದೇವೆ.

ಕೀಬೋರ್ಡ್ ಕೊಳ್ಳುವಾಗ ಯುಎಸ್‌ಬಿ-ಮಿಡಿ ಸೌಲಭ್ಯ ಇದೆಯೇ ಎಂದು ಕೇಳಿಕೊಳ್ಳಿ. ವೇಗದ ಸ್ವರಗುಚ್ಛ ಇದರಲ್ಲಿ ಆಗದು. ವಿಳಂಬದ ದೇವರನಾಮಕ್ಕೆ ಧಾರಾಳ ಸಾಕು.

ಕಳೆದ ವಾರ ಮಂಡಳಿಯವರು ಮಾತಾಡಿಸಿಕೊಂಡು ಹೋಗಲು ಬಂದಿದ್ದರು. ಕಾಫಿ ಕುಡಿದು ಎದ್ದವರನ್ನು ಅಪ್ಪನೇ ತಡೆದರು. “ಈ ಸಲ ಏಕಾದಶಿ ಭಜನೆ ನಮ್ಮನೇಲೇ ಇಟ್ಕೊಳ್ಳಿ. ಶ್ರುತಿ ಎಷ್ಟು ಅಂತ ಮೊದಲೇ ಹೇಳಿ, ಹುಡುಗ ಕಂಪ್ಯೂಟರ್‌ನಲ್ಲಿ ಇಡಬೇಕು.”