ಬೀರುವಿನಲ್ಲಿ ಬೀಗ ಬಿದ್ದ ಪಾಠ

ಕಳೆದ ತಪಸ್ಸುಕಾಲದ ಒಂದು ಭಾನುವಾರ ನಾವು ಪ್ರಬೋಧನೆಯಲ್ಲಿ ಮೊಬೈಲಿನ ವ್ಯಾಮೋಹವನ್ನು ಕುರಿತು ತುಸು ಖಾರವಾಗಿಯೇ ಮಾತನಾಡಿದ್ದೆವು. ಈಸ್ಟರ್ ಹಬ್ಬದ ತರುವಾಯ ಕುಡುಮಲಕುಂಟೆಯ ಕಡೆ ಮನೆಗಳನ್ನು ಆಶೀರ್ವದಿಸಲು ಹೋದಾಗ, ಪದವಿ ತರಗತಿಯ ಹೆಣ್ಣುಮಗಳೊಬ್ಬಳು ತಲೆ ತಗ್ಗಿಸಿಕೊಂಡು ಹೇಳಿದಳು: "ಫಾದರ್, ನಿಮ್ಮ ಪ್ರಸಂಗ ಕೇಳಿ ಬಂದ ದಿನವೇ ಅಪ್ಪ ಮೊಬೈಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನನ್ನ ಕೋರ್ಸೂ ಅದರೊಳಗೇ ಉಳಿಯಿತು."

ಆಕೆ ಜನವರಿಯಲ್ಲಿ 'ಸ್ವಯಂ' ಆನ್‌ಲೈನ್ ಕೋರ್ಸೊಂದಕ್ಕೆ ಸೇರಿದ್ದಳು. ವಾರವಾರದ ಅಭ್ಯಾಸಗಳ ಗಡುವು ದಾಟಿ, ಪ್ರಮಾಣಪತ್ರದ ಆಸೆ ಕಮರಿತ್ತು. ತಂದೆಯನ್ನು ದೂರಲಾಗದು. ಸಾಧನ ಬೇರೆ, ಅದರ ದುರ್ಬಳಕೆ ಬೇರೆ ಎಂಬ ಭೇದವನ್ನು ವಿವರಿಸದೆ ಹೋದವರು ನಾವು.

ಕೇಂದ್ರ ಸರಕಾರವು 2017ರ ಜುಲೈ 9ರಂದು ಆರಂಭಿಸಿದ ಈ ವ್ಯವಸ್ಥೆಯಲ್ಲಿ 9ನೇ ತರಗತಿಯಿಂದ ಸ್ನಾತಕೋತ್ತರ ಪದವಿಯವರೆಗಿನ ಪಾಠಗಳಿವೆ. ಕಲಿಕೆ ಉಚಿತ; ಪ್ರಮಾಣಪತ್ರ ಬೇಕೆನ್ನುವವರು ಶುಲ್ಕ ತೆತ್ತು ಪರೀಕ್ಷೆ ಬರೆಯಬೇಕು. ಜನವರಿ ಮತ್ತು ಜುಲೈ ಇದರ ಎರಡು ಅವಧಿಗಳು. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇಕಡ 40ರವರೆಗೆ ಹೀಗೆ ಕಲಿಯಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಬಹುದು. ಸೇರುವ ಮುನ್ನ ತಮ್ಮ ಕಾಲೇಜಿನಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು ಪ್ರೌಢಶಾಲೆಯ ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೋದವರು. ಮುಂದೆ 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ದೇವರ ವಿಷಯದಲ್ಲಿ ಅವರ ನಿಲುವು ನಮ್ಮದಲ್ಲ. ಆದರೆ ವಿದ್ಯೆಗಾಗಿ ಅವರು ಸವೆಸಿದ ಹಾದಿಗೆ ನಾವು ತಲೆಬಾಗುತ್ತೇವೆ. ಇಂದು ವಿದ್ಯೆಯೇ ಮನೆಯ ಹೊಸ್ತಿಲಿಗೆ ನಡೆದು ಬಂದಿರುವಾಗ ಬಾಗಿಲು ಮುಚ್ಚುವುದು ಸರಿಯೇ?

ಹಾಗೆಂದು ಬಾಗಿಲು ತೆರೆದ ಮಾತ್ರಕ್ಕೆ ವಿದ್ಯೆ ದಕ್ಕದು. ಸಂತ ಅಗಸ್ಟೀನರು ತಮ್ಮ ಮಗ ಅದೆಯೊದಾತನೊಡನೆ ನಡೆಸಿದ ಸಂವಾದದಲ್ಲಿ, ಹೊರಗಿನ ಮಾತುಗಳು ಕೇವಲ ಸಂಕೇತಗಳು, ಒಳಗಿದ್ದು ಸತ್ಯವನ್ನು ತೋರುವ ಗುರು ಕ್ರಿಸ್ತನೇ ಎಂದು ವಿವೇಚಿಸಿದ್ದಾರೆ. ಅಧ್ಯಾಪಕರು ಎದುರಿಗಿರಲಿ, ಪರದೆಯ ಮೇಲಿರಲಿ, ಕಲಿಯುವವರ ಮನಸ್ಸು ಒಳಮುಖವಾಗದಿದ್ದರೆ ಪಾಠ ಬರೀ ಸದ್ದು. ಆ ಏಕಾಗ್ರತೆಗೆ ಮನೆಯವರ ಆಸರೆ ಬೇಕು. ಒಂದೇ ಮೊಬೈಲಿರುವ ಮನೆಯಲ್ಲಿ ದಿನಕ್ಕೊಂದು ಗಂಟೆಯನ್ನು ಓದಿಗೆಂದು ಮೀಸಲಿಡಿ. ಮಗನಿಗೆ ಕೊಟ್ಟ ಗಂಟೆಯನ್ನು ಮಗಳಿಗೂ ಕೊಡಿ. ಅವಳ ಪಕ್ಕದಲ್ಲಿ ಕುಳಿತು ಇಂದು ಏನು ಕಲಿತೆ ಎಂದು ಕೇಳಿ. ಕೇಳುವುದಕ್ಕೆ ನೀವು ಓದಿದವರೇ ಆಗಿರಬೇಕೆಂದಿಲ್ಲ.

ನಾವು ಆ ತಂದೆಯ ಮುಂದೆ ನಮ್ಮ ಮಾತಿನ ಕೊರತೆಯನ್ನು ಒಪ್ಪಿಕೊಂಡೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ನೀವು ಹೇಳಿದ್ದನ್ನೇ ಮಾಡಿದೆ, ಸ್ವಾಮಿ" ಎಂದರು. ಆ ಮಾತು ನಮ್ಮನ್ನು ಇಂದಿಗೂ ಚುಚ್ಚುತ್ತಿದೆ. ಮಗಳು ಜುಲೈ ಅವಧಿಗೆ ಮತ್ತೆ ಹೆಸರು ನೋಂದಾಯಿಸಲಿದ್ದಾಳೆ. ಬೀರುವಿನ ಬೀಗದ ಕೈ ಈಗ ಅವಳ ತಾಯಿಯ ಬಳಿಯಿದೆ.